ಬಗ್ಗದ ಫ್ರೇಮು, ಹೊಗೆಸೊಪ್ಪಿನ ದುಡ್ಡು

2025ರ ನವೆಂಬರ್. ಹನಗೋಡು ಕಡೆ ಆನೆ ಬಂದು ಬಾಳೆ ತುಳಿದ ಸುದ್ದಿಗೆ ಹೋಗಿದ್ದೆವು. ಫೋಟೊ ತೆಗೆದು, ರೈತರ ಮಾತು ಬರೆದುಕೊಂಡು, ಪಕ್ಕದ ಊರಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತೆವು. ಮುದ್ದೆ ಮುರಿಯೋ ಹೊತ್ತಿಗೆ ಅಕ್ಕ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ತಟ್ಟೆ ಪಕ್ಕ ಇಟ್ಟಳು.

"ಇಪ್ಪತ್ತೆರಡು ಸಾವಿರ ಅದೆ ಕಣಪ್ಪ. ಸೊಪ್ಪಿನ ದುಡ್ಡು. ಇವನಿಗೆ ಅದೇನೋ ಬಗ್ಗದೇ ಇರೋ ಸೈಕಲ್ಲು ಬೇಕಂತೆ. ನೀನು ಪೇಪರ್‌ನೋನು, ನಾಕು ಕಡೆ ಓಡಾಡ್ತೀಯ. ನೋಡಿ ಕೊಡ್ಸು."

ಅಳಿಯ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದ.

(ಸುದ್ದಿ ಬರೆದು ಬರೆದು ನಮಗೆ 'ನಾವು' ಅನ್ನೋದೇ ಅಭ್ಯಾಸ ಆಗಿಬಿಟ್ಟಿದೆ. ಇಲ್ಲಿ 'ನಾವು' ಅಂದರೆ ಹೆಚ್ಚಿನ ಕಡೆ ಮಾವ ಅಳಿಯ ಇಬ್ಬರೂ. ತಪ್ಪು ಮಾಡಿದ ಕಡೆ ಮಾತ್ರ ಮಾವ ಒಬ್ಬನೇ ಅಂತ ಓದಿಕೊಳ್ಳಿ.)

ಹುಣಸೂರು, ಪಿರಿಯಾಪಟ್ಟಣ ಕಡೆಯವರಿಗೆ ಸೊಪ್ಪಿನ ದುಡ್ಡು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆ ಓದುವವರಿಗಾಗಿ ಒಂದು ಮಾತು. ಎಲೆ ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿಗೆ ಏರಿಸಿ, ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಶಾಖ ಸ್ವಲ್ಪ ಏರುಪೇರಾದರೂ ಎಲೆಯ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ದರ ಬೀಳುತ್ತೆ. ಆಮೇಲೆ ಬೇಲು ಕಟ್ಟಿ ಕಟ್ಟೆಮಳಲವಾಡಿ ಹರಾಜಿಗೆ ಒಯ್ದು, ಬಿಡ್ ಕೂಗುವವರ ಮುಖ ನೋಡುತ್ತಾ ನಿಲ್ಲಬೇಕು. ಆ ಇಪ್ಪತ್ತೆರಡು ಸಾವಿರದಲ್ಲಿ ಅಕ್ಕನ ಎಷ್ಟು ರಾತ್ರಿಯ ನಿದ್ದೆ ಇತ್ತೋ ಅವಳಿಗೇ ಗೊತ್ತು.

ಅಳಿಯನ ಹಳೇ ಸೈಕಲ್ಲು ಸರ್ಕಾರದ್ದು. 2006–07ರಲ್ಲಿ ಶುರುವಾದ 8ನೇ ತರಗತಿಯ ಉಚಿತ ಸೈಕಲ್ ಯೋಜನೆಯಲ್ಲಿ 2019ರಲ್ಲಿ ಬಂದದ್ದು. ಅವನ ಹಿಂದೆಯೇ ಕೊರೊನಾ ಬಂತು, ಸೈಕಲ್ ಹಂಚೋದು ನಿಂತಿತು. ಅವನ ತಂಗಿಗೆ ಸಿಗಲಿಲ್ಲ. ಆ ಸೈಕಲ್ಲಲ್ಲೇ ಅವನು ಹೈಸ್ಕೂಲು, ಪಿಯುಸಿ ಮುಗಿಸಿದ. ಈಗ ಹುಣಸೂರಿನಲ್ಲಿ ಪದವಿ ಎರಡನೇ ವರ್ಷ. ಬಸ್ಸು ತಪ್ಪಿದ ದಿನ ಸೈಕಲ್ಲಲ್ಲೇ ಕಾಲೇಜಿಗೆ ಹೋಗಿ ಬಂದು, ಬಸ್ಸಿನ ಡ್ರೈವರ್‌ಗಳೇ ಇವನನ್ನು ಗುರುತು ಹಿಡಿಯೋ ಹಾಗಾಗಿತ್ತು.

ಮೈಸೂರಿನಲ್ಲಿ ಒಂದು ರೇಸಿಗೆ ಹೋಗಿದ್ದ. ಗೇರ್ ಇಲ್ಲದ ಸೈಕಲ್ಲಿನ ವಿಭಾಗದಲ್ಲಿ ಐದನೆಯವನಾಗಿ ಬಂದ. ಅಲ್ಲಿ ಹೆಲ್ಮೆಟ್ಟು, ಕನ್ನಡಕ ಹಾಕಿದ್ದ ಯಾರೋ ಒಬ್ಬರು ಬೆನ್ನು ತಟ್ಟಿ, "ನಿನ್ನ ಕಾಲು ಚೆನ್ನಾಗಿದೆ, ಫ್ರೇಮ್ ಬಗ್ಗುತ್ತೆ. ಸ್ಟಿಫ್ ಫ್ರೇಮ್ ತಗೋ" ಅಂದರಂತೆ. ಅವತ್ತಿಂದ ಮನೆಯಲ್ಲಿ 'ಸ್ಟಿಫ್' ಅನ್ನೋ ಮಾತು ಉಪ್ಪು, ಹುಳಿ, ಖಾರದ ಜೊತೆ ಸೇರಿಕೊಂಡಿತು. ವಿಜಯಪುರ, ಬಾಗಲಕೋಟೆ ಕಡೆ ಆಗಿದ್ದರೆ ಸೈಕ್ಲಿಂಗ್ ಕ್ರೀಡಾ ಹಾಸ್ಟೆಲ್ ಇದೆ, ಜಾತ್ರೆಗೂ ಸೈಕಲ್ ಶರ್ಯತ್ತು ಇಡುತ್ತಾರೆ, ಕೇಳಿದರೆ ಹೇಳೋಕೆ ಊರಿಗೊಬ್ಬ ಹಳಬ ಇರುತ್ತಾನೆ. ನಮ್ಮ ಕಡೆ ಕುಸ್ತಿ, ಕಬಡ್ಡಿಗೆ ಗುರುಗಳು ಸಿಗುತ್ತಾರೆ. ಸೈಕಲ್ಲಿಗೆ ಸಿಗೋದು ಫೋನು.

ಫೋನಿನಲ್ಲಿ ನೋಡಿ ನೋಡಿ ನಾವು ಕಲಿತದ್ದು ಅರ್ಧಂಬರ್ಧ. ಪೂರ್ತಿ ಕಲಿತದ್ದು ದುಡ್ಡು ಕಳೆದ ಮೇಲೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಇದನ್ನು ಓದಿಸಿ.

ನಾವು ಮಾಡಿದ ಮೊದಲ ಕೆಲಸ ಮಾರಾಟದ ಆ್ಯಪ್‌ನಲ್ಲಿ ಹುಡುಕಿದ್ದು. ಹೊಸ ರೋಡ್ ಬೈಕು ನಮ್ಮ ದುಡ್ಡಿಗೆ ಎಟುಕುತ್ತಿರಲಿಲ್ಲ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು, ಆದರೂ ನಾವು ನೋಡಿದ್ದೆಲ್ಲ ಕೈಗೆ ಮೀರಿದ್ದೇ. ಹಾಗಾಗಿ ಸೆಕೆಂಡ್ ಹ್ಯಾಂಡ್. ಅದರಲ್ಲೂ ಬರೀ ಫ್ರೇಮ್ ತಗೊಂಡು ಉಳಿದದ್ದನ್ನು ಒಂದೊಂದಾಗಿ ಸೇರಿಸೋಣ, ಮನೆ ಕಟ್ಟೋ ಹಾಗೆ, ಅಂತ ಲೆಕ್ಕ ಹಾಕಿದೆವು. ಬೆಂಗಳೂರಿನಲ್ಲಿ ಒಂದು ಕೆಂಪು ಅಲ್ಯೂಮಿನಿಯಂ ಫ್ರೇಮು ಮತ್ತು ಫೋರ್ಕು, ಒಂಬತ್ತು ಸಾವಿರ. ಪೈಪುಗಳು ಕೊಳವೆಬಾವಿಯ ಕೇಸಿಂಗ್ ಥರ ದಪ್ಪ. 'ಸೂಪರ್ ಸ್ಟಿಫ್' ಅಂತ ಬರೆದಿದ್ದ.

ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸೋ ಜಾಗದ ಮಂದ ಬೆಳಕಿನಲ್ಲಿ ನೋಡಿದೆವು. ಹಳ್ಳಿಯಿಂದ ಬಂದವರು ಜಾಸ್ತಿ ಪ್ರಶ್ನೆ ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನೋ ಸಂಕೋಚ ಬೇರೆ. ಮಂತ್ರಿಗಳಿಗೆ ಮೈಕ್ ಹಿಡಿದು ಪ್ರಶ್ನೆ ಕೇಳೋ ನಾವು ಅಲ್ಲಿ ಬಾಯಿಬಿಡಲಿಲ್ಲ. ಬೆರಳಲ್ಲಿ ತಟ್ಟಿದೆವು, ಟಣ್ ಅಂತು, ಗಟ್ಟಿ ಇದೆ ಅಂದುಕೊಂಡೆವು. ದುಡ್ಡು ಕೊಟ್ಟು, ಗೋಣಿಚೀಲ ಸುತ್ತಿ, ಬಸ್ಸಿನ ಹಿಂದಿನ ಸೀಟಲ್ಲಿ ಮಗು ಥರ ಇಟ್ಟುಕೊಂಡು ಬಂದೆವು.

ಹುಣಸೂರಿನಲ್ಲಿ ನಮಗೆ ಗೊತ್ತಿರೋ ಒಂದು ಹಳೇ ಸೈಕಲ್ ಶಾಪಿದೆ. ಯಜಮಾನರಿಗೆ ಅರವತ್ತು ದಾಟಿದೆ. ಬಾಡಿಗೆ ಸೈಕಲ್ಲಿನ ಕಾಲದಿಂದ ಇದ್ದಾರೆ, ನಾವು ಚಿಕ್ಕವರಿದ್ದಾಗ ಗಂಟೆಗೆ ಇಷ್ಟು ಅಂತ ಕೊಟ್ಟು, ಒಳಪೆಡಲು ಹೊಡೆದು ಕಲಿತದ್ದು ಅವರ ಸೈಕಲ್ಲಲ್ಲೇ. ಫ್ರೇಮನ್ನು ಗೋಣಿಯಿಂದ ಬಿಚ್ಚಿ ಅವರ ಮುಂದೆ ಇಟ್ಟೆವು.

ಅವರು ಏನೂ ಮಾತಾಡಲಿಲ್ಲ. ಒಂದು ಉದ್ದ ದಾರ ತಗೊಂಡರು. ಹಿಂದಿನ ಚಕ್ರ ಕೂರುವ ಎಡಗಡೆ ಕೊಕ್ಕೆಗೆ ಒಂದು ತುದಿ ಕಟ್ಟಿದರು. ದಾರವನ್ನು ಮುಂದೆ ಹ್ಯಾಂಡಲ್ ಕೂರುವ ಪೈಪಿಗೆ ಸುತ್ತಿಸಿ, ವಾಪಸ್ ತಂದು ಬಲಗಡೆ ಕೊಕ್ಕೆಗೆ ಬಿಗಿಯಾಗಿ ಕಟ್ಟಿದರು. ಈಗ ಸೀಟಿನ ಪೈಪಿನ ಎರಡೂ ಪಕ್ಕದಲ್ಲಿ ದಾರ ಹಾದುಹೋಗುತ್ತೆ. ಸ್ಕೇಲ್ ಇಟ್ಟು ಅಳೆದರು. ಎರಡೂ ಕಡೆ ಅಂತರ ಒಂದೇ ಇರಬೇಕು. ಒಂದು ಕಡೆಗಿಂತ ಇನ್ನೊಂದು ಕಡೆ ಐದು ಮಿಲಿಮೀಟರ್ ಜಾಸ್ತಿ.

"ಬಿದ್ದಿರೋ ಗಾಡಿ" ಅಂದರು. ಆಮೇಲೆ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ, ಹ್ಯಾಂಡಲ್ ಪೈಪಿಗೆ ಕೆಳಗಿನ ದಪ್ಪ ಪೈಪು ಸೇರೋ ಜಾಗ ಒರೆಸಿದರು. ಅಲ್ಲೊಂದು ಚಂದದ ಸ್ಟಿಕ್ಕರ್ ಇತ್ತು. ಉಗುರಲ್ಲಿ ಕಿತ್ತರು. ಕೆಳಗೆ ಬೆಸುಗೆಯ ಪಕ್ಕ ಕೂದಲೆಳೆಯಂಥ ಗೆರೆ. ಬಣ್ಣ ಸುಕ್ಕುಗಟ್ಟಿತ್ತು.

"ವೆಲ್ಡಿಂಗ್ ಮಾಡ್ಸಿದ್ರೆ?" ಅಂತ ಅಳಿಯ ಕೇಳಿದ.

"ಕಬ್ಬಿಣ ಆಗಿದ್ರೆ ಹಿತ್ತಾಳೆ ಹಾಕಿ ಬೆಸ್ದು ಕೊಡ್ತಿದ್ದೆ ಕಣ್ಲಾ. ಇದು ಅಲ್ಯೂಮಿನಿಯಂ. ಬೆಸೆದ ಜಾಗ ಮೆತ್ತಗಾಗಿ ಹೋಯ್ತದೆ, ಮತ್ತೆ ಭಟ್ಟಿಗೆ ಹಾಕಿ ಹದ ಮಾಡ್ಬೇಕು. ಇಳಿಜಾರಲ್ಲಿ ಮುರಿದ್ರೆ ನಿನ್ನ ಹಲ್ಲು ಯಾರು ಬೆಸೀತಾರೆ?"

ಅಷ್ಟೇ ಅಲ್ಲ. ಫ್ರೇಮಿನ ಮೇಲೆ 58 ಅಂತ ಬರೆದಿತ್ತು. ದೊಡ್ಡದಾದಷ್ಟೂ ಗಟ್ಟಿ ಅಂತ ನಾವು ಅಂದುಕೊಂಡಿದ್ದೆವು. ಅಳಿಯ ಐದೂವರೆ ಅಡಿಗೆ ಒಂದಿಂಚು ಕಮ್ಮಿ, ಅವನಿಗೆ ಬೇಕಾದ್ದು 52ರ ಆಸುಪಾಸು. ಅದೇ ಪೈಪು ಉದ್ದವಾದಷ್ಟೂ ಜಾಸ್ತಿ ಬಗ್ಗುತ್ತೆ. ಅಂದರೆ ಬಗ್ಗದ ಫ್ರೇಮು ಹುಡುಕಿ ಹೋದವರು, ಅದೇ ಮಾಡೆಲ್ಲಿನಲ್ಲಿ ಹೆಚ್ಚು ಬಗ್ಗುವ ಸೈಜನ್ನೇ ಆರಿಸಿ, ಅದೂ ಸೀಳಿದ್ದನ್ನು ಹೊತ್ತು ತಂದಿದ್ದೆವು. ಮಾರಿದವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಒಂಬತ್ತು ಸಾವಿರ ಹೋಯಿತು. ಅಕ್ಕನಿಗೆ ಹೇಳಲಿಲ್ಲ. "ಪಾರ್ಟ್ಸು ಬರಬೇಕು" ಅಂತ ಎರಡು ವಾರ ತಳ್ಳಿದೆವು. ನಮಗೆ ಒಂದೊಂದು ಸುದ್ದಿಗೆ ಬರುವ ಹಣ ಗೊತ್ತಿರುವವರಿಗೆ ಅದನ್ನು ಭರ್ತಿ ಮಾಡೋಕೆ ಎಷ್ಟು ಸುದ್ದಿ ಬೇಕು ಅನ್ನೋದೂ ಗೊತ್ತಾಗುತ್ತೆ.

ಆ ಎರಡು ವಾರದಲ್ಲಿ ಬಗ್ಗೋದು ಅಂದರೆ ಏನು ಅಂತ ಸ್ವಲ್ಪ ತಿಳಿದುಕೊಂಡೆವು. ಮೊದಲೇ ತಿಳಿಯಬೇಕಿತ್ತು.

ಬಗ್ಗದೇ ಇರೋದು ಬೇರೆ, ಮುರಿಯದೇ ಇರೋದು ಬೇರೆ. ನಮ್ಮ ಮಾತಲ್ಲಿ ಎರಡಕ್ಕೂ 'ಗಟ್ಟಿ' ಅಂದುಬಿಡುತ್ತೇವೆ, ಎಡವೋದು ಅಲ್ಲೇ. ಬಿದಿರು ಬಗ್ಗುತ್ತೆ, ಸುಲಭಕ್ಕೆ ಮುರಿಯೋದಿಲ್ಲ. ಸ್ಲೇಟಿನ ಬಳಪ ಬಗ್ಗೋದೇ ಇಲ್ಲ, ಲಟಕ್ ಅಂತ ಮುರಿಯುತ್ತೆ. ಸ್ಟಿಫ್ ಅನ್ನೋದು ಬಗ್ಗದಿರೋದಕ್ಕೆ ಮಾತ್ರ. ಎಷ್ಟು ವರ್ಷ ಬಾಳುತ್ತೆ ಅಂತ ಆ ಮಾತು ಹೇಳೋದಿಲ್ಲ.

ಇನ್ನೊಂದು. ಕಬ್ಬಿಣ (ಸ್ಟೀಲು) ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಗ್ಗದ ಲೋಹ, ತೂಕವೂ ಸುಮಾರು ಮೂರು ಪಟ್ಟು. ಹಾಗಾದರೆ ಅಲ್ಯೂಮಿನಿಯಂ ಫ್ರೇಮು ಬಿಗಿ ಅನ್ನೋದು ಹೇಗೆ? ಪೈಪಿನ ದಪ್ಪದಿಂದ. ತಗಡಿನ ದಪ್ಪ ಅಷ್ಟೇ ಇಟ್ಟುಕೊಂಡು ಪೈಪಿನ ಅಗಲ ಎರಡರಷ್ಟು ಮಾಡಿದರೆ ತೂಕ ಎರಡು ಪಟ್ಟಾಗುತ್ತೆ, ಬಗ್ಗದ ಗುಣ ಎಂಟು ಪಟ್ಟಾಗುತ್ತೆ. ಡ್ರಿಪ್ ಪೈಪನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಬಹುದು, ಕೇಸಿಂಗ್ ಪೈಪನ್ನು ಆಗೋದಿಲ್ಲ. ಹಗುರ ಲೋಹವಾದ್ದರಿಂದ ಅಲ್ಯೂಮಿನಿಯಂ ಪೈಪನ್ನು ಧಾರಾಳವಾಗಿ ಅಗಲ ಮಾಡುತ್ತಾರೆ, ಬಿಗಿ ಬರುತ್ತೆ.

ಸ್ಟಿಕ್ಕರಿನ ವಿಷಯಕ್ಕೆ ಬಂದರೆ, ಸ್ಟೀಲ್ ಫ್ರೇಮುಗಳಲ್ಲಿ 'ಹೈ ಟೆನ್' ಅಂತಲೋ 'ಕ್ರೋಮೋಲಿ' ಅಂತಲೋ ಇರುತ್ತೆ. ಕ್ರೋಮೋಲಿಗೆ ಜಾಸ್ತಿ ದುಡ್ಡು. ಅದು ಜಾಸ್ತಿ ಬಿಗಿ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಒಂದೇ ಅಳತೆಯ ಪೈಪಾದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಬಗ್ಗುತ್ತವೆ. ಕ್ರೋಮೋಲಿ ಬೇಗ ಮುರಿಯೋದಿಲ್ಲ, ಅದಕ್ಕೇ ತಗಡನ್ನು ತೆಳ್ಳಗೆ ಮಾಡಬಹುದು, ತೂಕ ಇಳಿಯುತ್ತೆ. ದುಡ್ಡು ಕೊಡೋದು ತೂಕ ಇಳಿಸಿದ್ದಕ್ಕೆ.

ಇಷ್ಟೆಲ್ಲ ಓದಿ ಯಜಮಾನರ ಮುಂದೆ ಪಾಠ ಒಪ್ಪಿಸಿದೆವು. ಅವರು ಪಂಚರ್ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸುತ್ತಾ ಕೇಳಿಸಿಕೊಂಡು, "ಅದೆಲ್ಲ ಇರ್ಲಿ, ಹಳೇ ಗಾಡಿ ತಂದಿದ್ದೀಯಾ?" ಅಂದರು. ತಂದಿದ್ದ. ಸರ್ಕಾರದ ಸೈಕಲ್ಲು.

ಅವರು ಅದನ್ನು ಪಕ್ಕಕ್ಕೆ ಸ್ವಲ್ಪ ಓರೆ ಮಾಡಿ ಹಿಡಿದು, ಕೆಳಗಿರುವ ಪೆಡಲ್ ಮೇಲೆ ಕಾಲಿಟ್ಟು ಒತ್ತಿದರು. ನಡುವಿನ ಭಾಗ ಪಕ್ಕಕ್ಕೆ ಸರಿದ ಹಾಗೆ ಕಾಣಿಸಿತು. "ನೋಡಿ, ಬಗ್ಗುತ್ತೆ" ಅಂದ ಅಳಿಯ. ಯಜಮಾನರು ಒತ್ತೋದು ಬಿಟ್ಟು ಪೆಡಲಿನ ತೋಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಕಟ ಕಟ. ಬಗ್ಗುತ್ತಿದ್ದದ್ದು ಫ್ರೇಮಲ್ಲ. ಬಿಬಿ ಕಪ್ಪು ಸಡಿಲ ಆಗಿತ್ತು, ಒಳಗೆ ಗುಂಡು ಸವೆದಿದ್ದವು. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿದರು, ಅರ್ಧಕ್ಕರ್ಧ ಮೆತ್ತಗಿದ್ದವು. ಟಯರನ್ನು ಹೆಬ್ಬೆರಳಲ್ಲಿ ಒತ್ತಿದರು, ಇಳಿಯಿತು. ಕೊನೆಗೆ ಅವನನ್ನು ಸೈಕಲ್ ಮೇಲೆ ಕೂರಿಸಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿಸಿದರು. ಮಂಡಿ ಇನ್ನೂ ಮಡಚಿಕೊಂಡೇ ಇತ್ತು. ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. 8ನೇ ತರಗತಿಯಲ್ಲಿ ಇಟ್ಟ ಸೀಟಿನ ಎತ್ತರ, ಹುಡುಗ ಬೆಳೆದ, ಸೀಟು ಬೆಳೆಯಲಿಲ್ಲ.

ಓವರಾಯಿಲಿಂಗು, ಕಪ್ಪು, ಗುಂಡು, ಕಡ್ಡಿ ಬಿಗಿ ಎಲ್ಲ ಸೇರಿ 650 ರೂಪಾಯಿ. ಮಾರನೇ ದಿನ ಬೆಳಿಗ್ಗೆ ಊರಿಂದ ಹುಣಸೂರಿಗೆ ಬಂದವನು, "ಮಾವ, ನಾಕು ನಿಮಿಷ ಮುಂಚೆ ಬಂದೆ" ಅಂದ. ಅದೇ ಫ್ರೇಮು.

ಇದನ್ನು ನೋಡಿದ ಮೇಲೆ ನಮಗೆ ಆ ರೇಸಿನಲ್ಲಿ ಬೆನ್ನು ತಟ್ಟಿದವರ ಮೇಲೆ ಕೋಪ ಬಂತು, ಆಮೇಲೆ ಇಳಿಯಿತು. ಅವರು ಒಳ್ಳೆಯದಕ್ಕೇ ಹೇಳಿದ್ದು. ಪೂರ್ತಿ ಸುಳ್ಳೂ ಅಲ್ಲ. ಎದ್ದು ನಿಂತು ಜೋರಾಗಿ ತುಳಿದಾಗ ಫ್ರೇಮು ಎಷ್ಟು ಬಗ್ಗುತ್ತೆ ಅಂದರೆ ಹಿಂದಿನ ರಿಮ್ಮು ಬ್ರೇಕ್ ಕಟ್ಟೆಗೆ ಉಜ್ಜುತ್ತೆ ಅನ್ನೋದಾದರೆ, ಅದು ನಿಜವಾದ ನಷ್ಟ. ಅಷ್ಟು ಬಗ್ಗದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳೋ ಅಗತ್ಯ ಕಮ್ಮಿ, ಬಗ್ಗಿದ ಪೈಪು ಬಿಲ್ಲಿನ ಹಾಗೆ ಮತ್ತೆ ನೆಟ್ಟಗಾಗುತ್ತೆ, ತುಳಿದದ್ದೆಲ್ಲ ಪೋಲಾಗೋದಿಲ್ಲ. ಮಟ್ಟಸ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವನ ಶಕ್ತಿ ಹೆಚ್ಚಿನ ಪಾಲು ಖರ್ಚಾಗೋದು ಗಾಳಿಯನ್ನು ಸೀಳೋಕೆ. ನೆಟ್ಟಗೆ ಎದೆ ಕೊಟ್ಟು ಕೂತು ಹೋಗೋ ಹಳೇ ಮಾದರಿ ಸೈಕಲ್ಲಲ್ಲಿ ಹುಡುಗ ಸೋತದ್ದು ಫ್ರೇಮಿಗಲ್ಲ, ಗಾಳಿಗೆ. ಅವನಿಗೆ ಬೇಕಾಗಿದ್ದದ್ದು ಮೈ ಬಗ್ಗಿಸಿ ಕೂರೋಕೆ ಆಗುವ, ಅಳತೆಗೆ ಸರಿಯಾದ, ನೆಟ್ಟಗಿರುವ ಒಂದು ಫ್ರೇಮು. ಬಗ್ಗಬೇಕಾದ್ದು ಸವಾರ.

ಅಕ್ಕನಿಗೆ ಹೇಳದೆ ಎರಡನೇ ಸಲ ಅವಳ ದುಡ್ಡು ಮುಟ್ಟೋಕೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಕೆಂಪು ಫ್ರೇಮು ಹೊತ್ತುಕೊಂಡೇ ಹೋದೆವು. ಅವಳು ಬ್ಯಾರನ್ ಮುಂದೆ ಕೂತು ಸೊಪ್ಪು ವಿಂಗಡಿಸುತ್ತಿದ್ದಳು. ದಾರ, ಐದು ಮಿಲಿಮೀಟರು, ಸ್ಟಿಕ್ಕರು, ಗೆರೆ, ಎಲ್ಲ ಹೇಳಿದೆವು. ಅವಳು ಫ್ರೇಮನ್ನು ಕೈಗೆ ತಗೊಂಡು, ಬೆಳಕಿಗೆ ಹಿಡಿದು, ಗೆರೆಯ ಮೇಲೆ ಬೆರಳಾಡಿಸಿದಳು. ಎಲೆಯ ಬಣ್ಣ ನೋಡಿ ಗ್ರೇಡ್ ಹೇಳೋ ಕಣ್ಣು ಅದು.

"ನಾವು ಬೇಲು ತಗೊಂಡೋದ್ರೆ ಅವ್ರು ಒಳಗೆ ಕೈ ಹಾಕಿ ಎಲೆ ಎಳೆದು ನೋಡ್ತಾರೆ. ನೀನು ಮೇಲಿಂದ ನೋಡಿ ದುಡ್ಡು ಕೊಟ್ ಬಂದಾ?" ಅಂದಳು. ಅದಕ್ಕೆ ಏನು ಹೇಳೋದು. ಬೈಯಲಿಲ್ಲ, ಅದೇ ಕಷ್ಟ. ಸ್ವಲ್ಪ ಹೊತ್ತಾದ ಮೇಲೆ, "ಇನ್ನ ಹದಿಮೂರು ಅದೆಯಲ್ಲ" ಅಂದಳು. 650 ಕಳೆದು, ಅಂತ ನಾವು ಸೇರಿಸಿದೆವು. ಮುಚ್ಚಿಡೋಕೆ ಇನ್ನೇನೂ ಇರಬಾರದು ಅನ್ನಿಸಿತ್ತು.

ಎರಡನೇ ಸಲ ಹೊರಡುವ ಮುಂಚೆ ಚೀಟಿಯಲ್ಲಿ ಲೆಕ್ಕ ಬರೆದೆವು. ಬರೀ ಫ್ರೇಮ್ ತಗೊಂಡರೆ ಚಕ್ರ ಒಂದು ಜೊತೆ, ಟಯರು, ಟ್ಯೂಬು, ಕ್ರ್ಯಾಂಕು, ಚೈನು, ಗೇರು, ಬ್ರೇಕು, ಹ್ಯಾಂಡಲ್ಲು, ಸೀಟು. ಕಮ್ಮಿ ಕಮ್ಮಿ ಅಂದರೂ ಫ್ರೇಮ್ ಬಿಟ್ಟು ಹದಿನೇಳು ಸಾವಿರ ಆಯಿತು. ಓಡುತ್ತಿರುವ ಇಡೀ ಸೈಕಲ್ಲು ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತಿತ್ತು. ನಮ್ಮಂಥವರು ಬರೀ ಫ್ರೇಮ್ ಕೊಳ್ಳಲೇಬಾರದು ಅಂತ ನಮ್ಮ ಅಭಿಪ್ರಾಯ. ಒಳ್ಳೆ ಫ್ರೇಮಿರುವ ಹಳೇ ಸೈಕಲ್ ಕೊಂಡು, ಸವೆದದ್ದನ್ನು ಒಂದೊಂದಾಗಿ ಬದಲಾಯಿಸೋದೇ ಸರಿ.

ಯಜಮಾನರ ಮನಸ್ಸು ಸ್ಟೀಲಿನ ಕಡೆ ಇತ್ತು. ಬಗ್ಗಿದರೆ ನೆಟ್ಟಗೆ ಮಾಡಬಹುದು, ಬಿಟ್ಟರೆ ಬೆಸೆಯಬಹುದು, ಒಡೆಯೋ ಮುಂಚೆ ಸೂಚನೆ ಕೊಡುತ್ತೆ. ಅವರು ಹೇಳಿದ್ದು ಸರಿ. ಹಾಲಿನ ಕ್ಯಾನು ಹೊರುವವರಿಗೆ, ದಿನಾ ಕೆಲಸಕ್ಕೆ ಹೋಗುವವರಿಗೆ ನಾವೂ ಸ್ಟೀಲ್ ಅಂತಲೇ ಹೇಳುತ್ತೇವೆ. ಆದರೆ ಅಳಿಯನ ಅಳತೆಯ ಸ್ಟೀಲ್ ರೋಡ್ ಬೈಕು ಮೈಸೂರಿನಲ್ಲಿ ಒಂದು ತಿಂಗಳು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ಅಲ್ಯೂಮಿನಿಯಂ ಫ್ರೇಮು, ಸ್ಟೀಲ್ ಫೋರ್ಕು, 52 ಸೈಜು, ನೀಲಿ ಬಣ್ಣ. ಮಾರುವವರು ಬ್ಯಾಂಕ್ ನೌಕರರು, ಬೆನ್ನುನೋವು ಬಂದು ಸೈಕಲ್ ಬಿಟ್ಟಿದ್ದರು. ಹನ್ನೆರಡು ಹೇಳಿದ್ದರು.

ಈ ಸಲ ನಾವು ಹೋದದ್ದು ಹಗಲಲ್ಲಿ. ಜೇಬಿನಲ್ಲಿ ದಾರ, ಸ್ಕೇಲು, ಒಂದು ಹಳೇ ಬಟ್ಟೆ. ಸಂಕೋಚವನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗಿದ್ದೆವು. "ಚಕ್ರ ತೆಗೆದು ನೋಡಬಹುದಾ ಸಾರ್?" ಅಂದರೆ ಅವರು ಖುಷಿಯಿಂದಲೇ ಒಪ್ಪಿದರು. ಸರಿಯಾದ ಮಾಲು ಇಟ್ಟುಕೊಂಡವರು ನೋಡಬೇಡಿ ಅನ್ನೋದಿಲ್ಲ.

ದಾರ ಹಾಕಿದೆವು, ಎರಡೂ ಕಡೆ ಸಮ. ಬೆಸುಗೆಗಳನ್ನು ಒಂದೊಂದಾಗಿ ಒರೆಸಿ ಫೋನಿನ ಟಾರ್ಚ್ ಬಿಟ್ಟು ನೋಡಿದೆವು. ಹ್ಯಾಂಡಲ್ ಪೈಪಿನ ಕೆಳಗೆ, ಬಿಬಿಯ ಸುತ್ತ, ಸೀಟ್ ಪೈಪಿನ ಮೇಲ್ತುದಿ, ಹಿಂದಿನ ಕೊಕ್ಕೆಗಳು. ಕೆಳಗಿನ ಪೈಪಿನ ಮುಂಭಾಗದ ಅಡಿಯಲ್ಲಿ ಬೆರಳಾಡಿಸಿದೆವು. ಎದುರಿಗೆ ಗುದ್ದಿದ ಗಾಡಿಯಾದರೆ ಅಲ್ಲಿ ಅಲೆ ಅಲೆಯಾಗಿ ತಡವುತ್ತೆ. ಸೀಟಿನ ಕಂಬ ಮೇಲೆ ಕೆಳಗೆ ಆಡುತ್ತಾ ಅಂತ ನೋಡಿದೆವು, ವರ್ಷಗಟ್ಟಲೆ ಬಿಚ್ಚದೆ ಬಿಟ್ಟರೆ ಅದು ಒಳಗೇ ಕಚ್ಚಿಕೊಂಡು ಬಿಡುತ್ತೆ, ಆಮೇಲೆ ಫ್ರೇಮ್ ಕೆಡಿಸದೆ ತೆಗೆಯೋದು ಕಷ್ಟ.

ಎರಡು ಅಳತೆಗಳನ್ನು ಯಜಮಾನರು ಬರೆದುಕೊಟ್ಟಿದ್ದರು. ಹಿಂದಿನ ಕೊಕ್ಕೆಗಳ ನಡುವೆ 130 ಮಿಲಿಮೀಟರ್ ಇರಬೇಕು. ರಿಮ್ ಬ್ರೇಕಿನ ರೋಡ್ ಬೈಕುಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಅದೇ, ಚಕ್ರ ಸಿಗುತ್ತೆ. ಹಳೇ ಕಾಲದವು 126 ಇರುತ್ತವೆ. ಸ್ಟೀಲಾದರೆ ಸ್ವಲ್ಪ ಅಗಲಿಸಬಹುದು, ಅಲ್ಯೂಮಿನಿಯಂ ಅನ್ನು ಎಳೆಯಲೇಬಾರದು. ಎರಡನೆಯದು, ಬಿಬಿ ತಿರುಪಿನದಾಗಿರಬೇಕು, 68 ಮಿಲಿಮೀಟರ್ ಅಗಲ. ಈ ತಿರುಪಿನ ಅಳತೆಗೆ ಸೈಕಲ್ ಲೋಕದಲ್ಲಿ ಬಿಎಸ್‌ಎ ಅಂತಲೇ ಹೆಸರು. ನಮ್ಮಪ್ಪಂದಿರು ಓಡಿಸಿದ ಬಿಎಸ್‌ಎ ಸೈಕಲ್ಲಿನದೇ ಹೆಸರು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಂದೂಕು ಕಂಪನಿಯಿಂದ ಬಂದದ್ದು. ಕೆಲವು ಫ್ರೇಮುಗಳಲ್ಲಿ ತಿರುಪಿರೋದಿಲ್ಲ, ಬೇರಿಂಗನ್ನು ಒತ್ತಿ ಕೂರಿಸಿರುತ್ತಾರೆ. ಬಿಗಿ ಜಾಸ್ತಿ ಅಂತ ಅದನ್ನು ಹೊಗಳುತ್ತಾರೆ. ಆದರೆ ಬಿಚ್ಚೋಕೆ ಬೇರೆಯದೇ ಟೂಲ್ಸ್ ಬೇಕು, ಕಿರ್ ಕಿರ್ ಶಬ್ದ ಶುರುವಾದರೆ ಹುಣಸೂರಿನಲ್ಲಿ ಯಾರೂ ಕೈ ಹಾಕೋದಿಲ್ಲ. ನಿಮ್ಮ ಊರಿನ ಶಾಪಿನವರು ಬಿಚ್ಚಿ ಹಾಕೋಕೆ ಆಗದ ಫ್ರೇಮು ಎಷ್ಟೇ ಬಿಗಿಯಾಗಿದ್ದರೂ ಬೇಡ.

ಕೊನೆಗೆ ಅಳಿಯ ಕಾಲು ಎರಡೂ ಕಡೆ ಹಾಕಿ ನಿಂತ. ಬಾರಿಗೂ ತೊಡೆಸಂದಿಗೂ ನಡುವೆ ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ ಜಾಗ. ಓಡಿಸಿ ಬಂದ. ಎದ್ದು ನಿಂತು ತುಳಿದ. ಬ್ರೇಕ್ ಉಜ್ಜಲಿಲ್ಲ. ಹಿಂದಿನ ಗೇರು ನೇತಾಡುವ ಹ್ಯಾಂಗರ್ ಸ್ವಲ್ಪ ಒಳಗೆ ಬಾಗಿದ ಹಾಗಿತ್ತು, ಚೈನು ಸವೆದಿತ್ತು. ಅದನ್ನು ತೋರಿಸಿ ಹತ್ತು ಸಾವಿರಕ್ಕೆ ಮಾತಾಡಿದೆವು. ಅವರು ಒಂದು ಬಾಟಲ್ ಸ್ಟ್ಯಾಂಡು, ಹಳೇ ಹೆಲ್ಮೆಟ್ಟು ಸೇರಿಸಿ ಕೊಟ್ಟರು. ಉಳಿದ ದುಡ್ಡಲ್ಲಿ ಹೊಸ ಚೈನು ಮತ್ತು 28ರ ಟಯರು.

ಟಯರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಗಿ ಫ್ರೇಮು ಮೈ ಕುಲುಕುತ್ತೆ ಅಂತ ದೂರುವವರಿದ್ದಾರೆ. ನಮ್ಮ ರಸ್ತೆಗಳಲ್ಲಿ ಕುಲುಕದ ಸೈಕಲ್ಲು ಯಾವುದು? ಅದರಲ್ಲಿ ಬಂದಿದ್ದ 23ರ ಟಯರಿಗೆ ಗಾಳಿ ಕಲ್ಲಿನಂತೆ ತುಂಬಿತ್ತು. 28ರ ಟಯರು ಹಾಕಿ, ಹುಡುಗನ ತೂಕ 54 ಕಿಲೋ ಆದ್ದರಿಂದ 70ರಷ್ಟು ಮಾತ್ರ ಗಾಳಿ ಹೊಡೆದೆವು. ಅಷ್ಟೇ, ಬೇರೆಯದೇ ಸೈಕಲ್ಲಾಯಿತು. ಫ್ರೇಮು ಕೊಡುವ ಮೆತ್ತನೆಗಿಂತ ಟಯರೊಳಗಿನ ಗಾಳಿ ಕೊಡುವ ಮೆತ್ತನೆ ಎಷ್ಟೋ ಜಾಸ್ತಿ. ಕೊಳ್ಳುವಾಗ ಫೋರ್ಕಿನ ಒಳಗೆ, ಬ್ರೇಕಿನ ಕೆಳಗೆ 28ರ ಟಯರು ಹಿಡಿಯೋಷ್ಟು ಜಾಗ ಇದೆಯಾ ಅಂತ ನೋಡಿ. ಹಳೇ ರೇಸ್ ಫ್ರೇಮು ಎಷ್ಟೋ ಕಡೆ 25ಕ್ಕೇ ಮುಗಿಯುತ್ತೆ.

ಮೊದಲ ದೊಡ್ಡ ಸವಾರಿ ಎಚ್.ಡಿ.ಕೋಟೆ ಕಡೆಗೆ. ನಮಗೆ ಅಂತರಸಂತೆಯಲ್ಲಿ ಒಂದು ಸಭೆಯ ಸುದ್ದಿ ಇತ್ತು. ಹ್ಯಾಂಡ್‌ಪೋಸ್ಟಿನಿಂದ ಅವನು ಸೈಕಲ್ಲಲ್ಲಿ, ನಾವು ಬೈಕಿನಲ್ಲಿ ಹಿಂದೆ. ಆ ರಸ್ತೆ ಮುಂದೆ ಕಾಕನಕೋಟೆ ಕಾಡು ಹೊಕ್ಕು, ಬಾವಲಿ ದಾಟಿ ಮಾನಂದವಾಡಿಗೆ ಹೋಗುತ್ತೆ. 1971ರವರೆಗೆ ಆನೆ ಹಿಡಿಯುವ ಖೆಡ್ಡಾ ನಡೆದ ಕಾಡು. ಈಗ ಸಂಜೆ ಆರಕ್ಕೆ ಗೇಟು ಹಾಕಿದರೆ ಬೆಳಿಗ್ಗೆ ಆರಕ್ಕೆ ತೆಗೆಯೋದು. ಅಳಿಯನಿಗೆ ಕಾಡೊಳಗೆ ಓಡಿಸೋ ಆಸೆ. ಬೇಡ ಅಂದೆವು. ವಾರಕ್ಕೆರಡು ಆನೆ ಸುದ್ದಿ ಬರೆಯೋರು ನಾವು, ಸದ್ದಿಲ್ಲದೆ ಬರೋ ಸೈಕಲ್ಲು ತಿರುವಿನಲ್ಲಿ ಆನೆಯ ಮುಂದೆ ಹೋಗಿ ನಿಂತರೆ ಇಬ್ಬರಿಗೂ ಗಾಬರಿ. ಅಂತರಸಂತೆ ದಾಟಿ ಸ್ವಲ್ಪ ದೂರಕ್ಕೇ ತಿರುಗಿಸಿದ.

ವಾಪಸ್ ಬರುವಾಗ ಎದುರುಗಾಳಿ. ಕೆಳಗಿನ ಹ್ಯಾಂಡಲ್ ಹಿಡಿದು, ಗದ್ದ ಹ್ಯಾಂಡಲ್ಲಿಗೆ ಹತ್ತಿರ ತಂದು ತುಳಿಯುತ್ತಿದ್ದ. ನಮ್ಮ ಬೈಕಿನ ಮೀಟರು ಮೂವತ್ತೆರಡು ತೋರಿಸುತ್ತಿತ್ತು. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಅವತ್ತು ನಾವು ಸಭೆಯ ಸುದ್ದಿಯನ್ನು ಅರ್ಧ ಗಂಟೆ ತಡವಾಗಿ ಕಳಿಸಿ ಡೆಸ್ಕಿನವರಿಂದ ಬೈಸಿಕೊಂಡೆವು.

ಕೆಂಪು ಫ್ರೇಮನ್ನು ಗುಜರಿಗೆ ಹಾಕೋಣ ಅಂದರೆ ಅಕ್ಕ ಬಿಡಲಿಲ್ಲ. ಬ್ಯಾರನ್ ಗೋಡೆಗೆ ಎರಡು ಮೊಳೆ ಹೊಡೆದು ನೇತುಹಾಕಿದ್ದಾಳೆ. ಹಗ್ಗ, ಗೋಣಿದಾರ, ಕುಡುಗೋಲು ಅದರ ಮೇಲೆ. ಯಾರಾದರೂ ಕೇಳಿದರೆ, "ನಮ್ಮ ತಮ್ಮ ತಂದ ಒಂಬತ್ತು ಸಾವಿರದ ಗೂಟ" ಅನ್ನುತ್ತಾಳೆ. ನಾವು ಎದುರಿಗೇ ಇದ್ದಾಗಲೂ.

ಹೋದ ವಾರ ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿದ್ದ ನೀಲಿ ಸೈಕಲ್ಲನ್ನು ಯಾರೋ ಬೀಳಿಸಿದ್ದಾರೆ. ಮೊದಲೇ ಬಾಗಿದ್ದ ಹ್ಯಾಂಗರ್ ಪೂರ್ತಿ ಒಳಗೆ ಹೋಗಿದೆ, ಗೇರು ಕಡ್ಡಿಗೆ ತಾಗುತ್ತಿದೆ. ಫ್ರೇಮು ಉಳಿಯಲಿ ಅಂತಲೇ ಆ ಚೂರನ್ನು ಮೆತ್ತಗೆ ಮಾಡಿ ಬೇರೆ ಬಿಚ್ಚೋ ಹಾಗೆ ಇಟ್ಟಿರುತ್ತಾರಂತೆ. ಯಜಮಾನರು ಅದರ ಫೋಟೊ ತೆಗೆದು ಮೈಸೂರಿಗೆ ಕಳಿಸಿದ್ದಾರೆ, ಅಳತೆಗೆ ಸರಿಯಾದದ್ದು ಕೊರಿಯರ್‌ನಲ್ಲಿ ಬರಬೇಕು. ಅಲ್ಲಿವರೆಗೆ ಅಳಿಯ ಸರ್ಕಾರದ ಸೈಕಲ್ಲಲ್ಲೇ ಕಾಲೇಜಿಗೆ ಹೋಗುತ್ತಿದ್ದಾನೆ. ಸೀಟು ಎತ್ತರ ಮಾಡಿರೋದರಿಂದ ಅವನ ತಂಗಿಗೆ ಈಗ ಕಾಲು ಎಟುಕೋದಿಲ್ಲ, ದಿನಾ ಸಂಜೆ ಜಗಳ.